ದೋಣಿಯನ್ನು ಬೆಣ್ಣೆ ಮಾಡಿದ ಎಂಬತ್ತೈದು ಎಂ.ಎಂ. ಲೆನ್ಸಿನವರ ಸನ್ನಿಧಿಗೆ

ಇವರಿಗೆ,
ಶ್ರೀಮಾನ್ ಎಂಬತ್ತೈದು ಎಂ.ಎಂ. ಪೋರ್ಟ್ರೇಟ್ ಲೆನ್ಸ್‌ರವರು,
ಹಪ್ಪಳದ ಡಬ್ಬಿ, ಅಡುಗೆಮನೆಯ ಮೇಲಿನ ಹಲಗೆ,
ನಮ್ಮ ಮನೆ, ಹೆಮ್ಮಾಡಿ.

ವಿಷಯ: ತಾವು ಮುಖವೊಂದನ್ನು ಬಿಟ್ಟು ಬೇರೇನನ್ನೂ ಕಾಣದಿರುವ ಬಗ್ಗೆ.

ಮಾನ್ಯರೇ,

ತಮ್ಮ ಗಾಜಿಗೆ ಬೂಷ್ಟು ಹಿಡಿಯದಿರಲಿ, ತಮ್ಮ ಮುಚ್ಚಳ ಮದುವೆ ಹಾಲುಗಳಲ್ಲಿ ಕಳೆದುಹೋಗದಿರಲಿ, ತಮ್ಮ ರಿಂಗಿನ ಸಂದಿಗೆ ಮರವಂತೆಯ ಮರಳು ಹೊಗದಿರಲಿ ಎಂದು ಮೊದಲಿಗೆ ಹಾರೈಸಿ, ಹೆಮ್ಮಾಡಿ ಪೇಟೆಯಲ್ಲಿ ಹದಿನಾರು ವರ್ಷಗಳಿಂದ ಸ್ಟುಡಿಯೋ ಇಟ್ಟುಕೊಂಡು ಜನರ ಮುಖ ನೋಡಿಯೇ ಬದುಕುತ್ತಿರುವ ಪ್ರೇಮಾನಂದ ಎಂಬ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾವಿಲ್ಲಿ ಕ್ಷೇಮ, ತಾವೂ ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಾಗಿರದೆ ಏನು? ಕರಾವಳಿಯ ತೇವಕ್ಕೆ ತಮ್ಮಂಥವರ ಒಳಗೆ ಬೂಷ್ಟು ಬರುತ್ತದೆ, ಅದಕ್ಕೆಂದೇ ಕರೆಂಟಿನಲ್ಲಿ ನಡೆಯುವ ಪೆಟ್ಟಿಗೆ ಸಿಗುತ್ತದೆ ಎಂದು ನಾನು ಹೇಳಿದಾಗ, ನನ್ನ ಹೆಂಡತಿ ಸುಪ್ರೀತಾ, ಆಸಾಡಿ ಮಳೆಯಲ್ಲೂ ಹಪ್ಪಳ ಮೆತ್ತಗಾಗದ ಡಬ್ಬಿ ಮನೆಯಲ್ಲೇ ಇರುವಾಗ ಬೇರೆ ಪೆಟ್ಟಿಗೆ ಯಾಕೆ ಎಂದು ಕೇಳಿ, ಹಪ್ಪಳವನ್ನು ಹೊರಗೆ ಹಾಕಿ ತಮ್ಮನ್ನು ಒಳಗೆ ಕೂರಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಹಪ್ಪಳ ಮೆತ್ತಗಾಗಿದೆ, ತಾವು ಗರಿಗರಿಯಾಗಿದ್ದೀರಿ. ಇದರ ಬಗ್ಗೆ ನನ್ನ ದೂರಿಲ್ಲ.

ತಮ್ಮನ್ನು ಆರಿಸಲು ನನಗೆ ಎಂಟು ತಿಂಗಳು ಹಿಡಿಯಿತು ಎಂಬುದನ್ನು ತಾವು ಗಮನಿಸಬೇಕು. ಸುಪ್ರೀತಾಳನ್ನು ನೋಡಿ, ಒಪ್ಪಿ, ಮದುವೆಯಾಗಿ ಮನೆಗೆ ಕರೆತರುವುದಕ್ಕೆ ಎರಡೂವರೆ ತಿಂಗಳು ಸಾಕಾಗಿತ್ತು. ಅದುವರೆಗೆ ನನ್ನ ಬಳಿ ಇದ್ದದ್ದು ಕ್ಯಾಮೆರಾ ಕೊಂಡಾಗ ಅದರ ಜೊತೆಗೇ ಬಂದ ಕಿಟ್ ಲೆನ್ಸ್ ಎಂಬ ಬಡಪಾಯಿ. ಅದಕ್ಕೆ ದೊಡ್ಡವರು ಸಣ್ಣವರು ಎಂಬ ಭೇದ ತಿಳಿಯದು. ಮದುಮಗಳ ಮುಖವನ್ನು ಎಷ್ಟು ಚೆನ್ನಾಗಿ ಕಾಣುತ್ತದೋ ಅವಳ ಹಿಂದಿನ ಕರೆಂಟ್ ಮೀಟರನ್ನೂ, ಮೀಟರಿನ ಪಕ್ಕದ ಹಲ್ಲಿಯನ್ನೂ, ಹಗ್ಗದ ಮೇಲೆ ಒಣಹಾಕಿದ ಮಾವನ ಪಂಚೆಯನ್ನೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಇಂಥದ್ದನ್ನು ಹಿಡಿದುಕೊಂಡು ದೊಡ್ಡ ಮದುವೆಗಳಿಗೆ ಹೋಗಲು ನನಗೆ ನಾಚಿಕೆಯಾಗುತ್ತಿತ್ತು.

ಹಾಗಾಗಿ ಮುಖಕ್ಕೆಂದೇ ಹುಟ್ಟಿದ ಒಂದು ಲೆನ್ಸನ್ನು ಹುಡುಕಲು ಹೊರಟೆ. ಮೂವತ್ತೈದರದ್ದನ್ನು ಎರವಲು ತಂದು ನೋಡಿದರೆ ಅದು ಹತ್ತಿರ ಹೋದಷ್ಟೂ ಮೂಗನ್ನು ದೊಡ್ಡದು ಮಾಡಿತು; ಬೈಂದೂರಿನ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಚಿತ್ರ ನೋಡಿ, ಮೂಗಿಗೆ ಬೇರೆ ಫ್ರೇಮ್ ಹಾಕಿಸಬೇಕೋ ಎಂದು ವಿಚಾರಿಸಿದರು. ಐವತ್ತರದ್ದು ಒಳ್ಳೆಯದೇ, ಆದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಪ್ರತಿ ಸ್ಟುಡಿಯೋದಲ್ಲೂ ಅದು ಇದೆ, ಅದರಿಂದ ನನಗೇನು ಹೆಚ್ಚುಗಾರಿಕೆ? ನೂರ ಮೂವತ್ತೈದರದ್ದಕ್ಕೆ ಎಷ್ಟು ದೂರ ನಿಲ್ಲಬೇಕೆಂದರೆ ನಗಿ ಎಂದು ಹೇಳಲು ಫೋನ್ ಮಾಡಬೇಕು. ಕೊನೆಗೆ ಉಳಿದವರು ತಾವು. ಬೆಂಗಳೂರಿನಲ್ಲಿ ಕೂತು ಕನ್ನಡದಲ್ಲೇ ವಿಡಿಯೋ ಮಾಡುವ ಲೆನ್ಸ್ ಪಂಡಿತರೊಬ್ಬರು, ಒಳ್ಳೆಯ ಪೋರ್ಟ್ರೇಟ್ ಎಂದರೆ ಮುಖ ಮಾತ್ರ ಉಳಿಯಬೇಕು, ಹಿನ್ನೆಲೆ ಬೆಣ್ಣೆಯಂತೆ ಕರಗಬೇಕು, ಆ ಕರಗುವಿಕೆಗೆ ಬೊಕೆ ಎಂದು ಹೆಸರು, ಅದರಲ್ಲಿ ತಮ್ಮನ್ನು ಮೀರಿಸಿದವರಿಲ್ಲ ಎಂದು ಹತ್ತೊಂಬತ್ತು ಕಂತುಗಳಲ್ಲಿ ಸಾರಿದರು. ಹತ್ತೊಂಬತ್ತನ್ನೂ ಎರಡೆರಡು ಸಲ ನೋಡಿದೆ.

ಆ ದಿನಗಳಲ್ಲಿ ನನ್ನನ್ನು ಕಂಡು ಪ್ರತಿದಿನ ನಕ್ಕವರು ಜಲಜಕ್ಕ ಒಬ್ಬರೇ. ಅವರು ಮೀನು ಮಾರುವವರು. ಬೆಳಗ್ಗೆ ಹತ್ತಕ್ಕೆ ಸ್ಟುಡಿಯೋದ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ ಸುಪ್ರೀತಾಳನ್ನು ಕರೆಯುತ್ತಾರೆ. ತಮಗೂ ಅವರಿಗೂ ಒಂದು ಸಾಮ್ಯ ಇದೆ ಎಂದು ಆಗಲೇ ನನಗೆ ಅನ್ನಿಸಿತ್ತು. ತಾವು ಮನುಷ್ಯರ ಕಣ್ಣಿಗೆ ಫೋಕಸ್ ಮಾಡಿ ಚಿತ್ರದ ಯೋಗ್ಯತೆ ಹೇಳುತ್ತೀರಿ, ಅವರು ಬಂಗುಡೆಯ ಕಣ್ಣು ನೋಡಿ ಅದು ಇವತ್ತಿನದೋ ನಿನ್ನೆಯದೋ ಹೇಳುತ್ತಾರೆ. ವ್ಯತ್ಯಾಸವೆಂದರೆ ಅವರಿಗೆ ಒಂದು ಕ್ಷಣ ಸಾಕು. ಮೊಬೈಲಿನಲ್ಲಿ ಮುಳುಗಿದ್ದ ನನ್ನನ್ನು ತಿಂಗಳುಗಟ್ಟಲೆ ನೋಡಿ ಒಂದು ದಿನ ಅವರು, "ಇಷ್ಟ್ ಹೊತ್ತ್ ಕಂಡ್ಕಂಡ್ ಕೂತ್ರೆ ಮೀನ್ ಹಾಳಾತ್ತ್, ಪ್ರೇಮ" ಎಂದರು. ಮರುದಿನವೇ ತಮ್ಮನ್ನು ತರಿಸಿದೆ.

ತಾವು ಬಂದ ದಿನವನ್ನು ನಾನು ಮರೆತಿಲ್ಲ. ಹಿತ್ತಿಲ ಬಾಗಿಲಲ್ಲಿ ಸುಪ್ರೀತಾಳನ್ನು ನಿಲ್ಲಿಸಿ ತಮ್ಮ ಕಣ್ಣನ್ನು ಪೂರ್ತಿ ತೆರೆದು ಒಂದು ಚಿತ್ರ ತೆಗೆದೆ. ಅವಳ ರೆಪ್ಪೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಹಿಂದಿನ ಬಟ್ಟೆ ಹಗ್ಗ, ನೀರಿನ ಡ್ರಮ್ಮು, ಹರಿದ ಟಾರ್ಪಾಲು ಎಲ್ಲವೂ ಮಾಯವಾಗಿ ಅಲ್ಲಿ ಹಸಿರು ಬೆಣ್ಣೆ ಮಾತ್ರ ಇತ್ತು. ಅವಳು ಬಹಳ ಹೊತ್ತು ನೋಡಿ, ನಾನು ಇಷ್ಟು ಚೆಂದ ಇದ್ದೇನಾ ಎಂದು ಕೇಳಿದಳು. ಹದಿಮೂರು ವರ್ಷದ ಸಂಸಾರದಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು, ನನಗೆ ನಿಜಕ್ಕೂ ಸಂತೋಷವಾಯಿತು. ಆ ಉಪಕಾರವನ್ನು ಈ ಪತ್ರದ ಯಾವ ಸಾಲಿನಲ್ಲೂ ನಾನು ಅಲ್ಲಗಳೆಯುವುದಿಲ್ಲ.

ತಮ್ಮ ಗುಣವಿಶೇಷಗಳು ಒಂದೊಂದಾಗಿ ತಿಳಿಯತೊಡಗಿದ್ದು ಆಮೇಲೆ. ನನ್ನ ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಚಿಕ್ಕದಾದ್ದರಿಂದ ಅದರ ಮೇಲೆ ಕೂತ ಕೂಡಲೇ ತಾವು ಎಂಬತ್ತೈದಾಗಿ ಉಳಿಯದೆ ನೂರ ಮೂವತ್ತರ ಹತ್ತಿರ ಬೆಳೆದುಬಿಡುತ್ತೀರಿ, ಅದಕ್ಕೆ ತಕ್ಕಂತೆ ನಾನು ಹಿಂದೆ ಹಿಂದೆ ಹೋಗುತ್ತಲೇ ಇರಬೇಕು. ಸ್ಟುಡಿಯೋದಲ್ಲಿ ಹಿಂದೆ ಹೋದರೆ ಗೋಡೆ. ಮದುವೆ ಹಾಲಿನಲ್ಲಿ ಹಿಂದೆ ಹೋಗಿ ಊಟದ ಸಾಲಿನ ಬಾಳೆಲೆಗೆ ಕಾಲಿಟ್ಟೆ. ಆ ಎಲೆಯ ಮುಂದೆ ಕೂತವರು ಮದುಮಗನ ಸೋದರಮಾವ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ, ನಡುವೆ ಹೆದ್ದಾರಿ, ಹಾಗಾಗಿ ಹಿಂದೆ ಹೋಗಲು ಅಲ್ಲಿ ಇರುವ ಅನುಕೂಲಗಳು ಮೂರು: ಅಲೆ, ಲಾರಿ, ಹೊಳೆ. ಮೂರನ್ನೂ ತಪ್ಪಿಸಿಕೊಂಡು ಚಂದನಾ ಎಂಬ ಹುಡುಗಿಯ ಮದುವೆ ಮೊದಲಿನ ಫೋಟೋಗಳನ್ನು ತೆಗೆದೆ. ಉತ್ಸಾಹದಲ್ಲಿ, ಬೊಕೆ ಭಾರೀ ಚೆನ್ನಾಗಿ ಬಂದಿದೆ ಎಂದು ಅವಳಿಗೆ ಹೇಳಿದ್ದೇ ತಪ್ಪಾಯಿತು. ಅವಳು ಕೆನ್ನೆ ಮುಟ್ಟಿಕೊಂಡು, ಎಲ್ಲಿ ಬೊಕ್ಕೆ ಎಂದು ಕನ್ನಡಿ ಹುಡುಕಿ, ಮತ್ತೆ ಅರ್ಧ ಗಂಟೆ ನಗಲೇ ಇಲ್ಲ. ಅವಳ ತಂದೆ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ತಿರುಗಿಸಿ, ಸಮುದ್ರ ಯಾವ ಪುಟದಲ್ಲಿದೆ ಎಂದು ಕೇಳಿದರು. ಈ ನೀಲಿಯೇ ಸಮುದ್ರ ಎಂದೆ. ನೀಲಿ ಬಟ್ಟೆ ನಿನ್ನ ಸ್ಟುಡಿಯೋದಲ್ಲೇ ಇತ್ತಲ್ಲ, ನಮ್ಮನ್ನು ಬಿಸಿಲಲ್ಲಿ ಯಾಕೆ ನಿಲ್ಲಿಸಿದೆ ಎಂದರು.

ಆಗಲೂ ನಾನು ತಮ್ಮ ಪಕ್ಷವನ್ನೇ ವಹಿಸಿದೆ. ನಮ್ಮ ಜನಕ್ಕೆ ಕಲೆ ತಿಳಿಯುವುದಿಲ್ಲ ಎಂದುಕೊಂಡೆ. ಹಲಸಿನ ಹಣ್ಣು ತಿನ್ನುವವರಿಗೆ ಬೆಣ್ಣೆಯ ರುಚಿ ಹೇಗೆ ಗೊತ್ತಾಗಬೇಕು ಎಂದು ಸುಪ್ರೀತಾಳ ಹತ್ತಿರ ಹೇಳಿದೆ. ಅವಳು, ನೀವು ತಿನ್ನುವುದೂ ಅದನ್ನೇ ಎಂದಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಳೆದ ಮಾಘದಲ್ಲಿ ಒಂದು ಶುಕ್ರವಾರ ಜಲಜಕ್ಕ ಬುಟ್ಟಿ ಇಳಿಸಿ, ಸುಪ್ರೀತಾಳನ್ನು ಕರೆಯದೆ, ಸೀದಾ ಸ್ಟುಡಿಯೋದ ಒಳಗೆ ಬಂದರು. ಆಧಾರ್ ಕಾರ್ಡಿನದ್ದು ಬಿಟ್ಟರೆ ಬೇರೆ ಫೋಟೋ ತೆಗೆಸಿದವರಲ್ಲ ಅವರು. ಅವರ ಗಂಡ ಸೂರ ತೀರಿಕೊಂಡು ನಾಲ್ಕು ವರ್ಷ. ಸೂರ ಇಪ್ಪತ್ತಾರು ವರ್ಷದ ಹಿಂದೆ ಹಂಗಾರಕಟ್ಟೆಯಲ್ಲಿ ಕಟ್ಟಿಸಿದ ಮರದ ದೋಣಿಯ ಹಲಗೆಗಳಿಗೆ ಹುಳ ಹಿಡಿದಿತ್ತು. ರಿಪೇರಿಗೆಂದು ಮತ್ತೆ ಹಂಗಾರಕಟ್ಟೆಗೇ ಒಯ್ದರೆ, ಇನ್ನು ಇದರಲ್ಲಿ ಮಾಡುವುದಕ್ಕೆ ಏನೂ ಉಳಿದಿಲ್ಲ, ಮಂಗಳವಾರ ಒಡೆಯುತ್ತೇವೆ ಎಂದು ಅಲ್ಲಿಯವರು ಹೇಳಿದ್ದರು. ಮಗ ಯತೀಶ್ ಫೈಬರ್ ದೋಣಿಗೆ ಹೋಗಿ ಎರಡು ವರ್ಷವಾದ್ದರಿಂದ ಅವನಿಗೇನೂ ತೊಂದರೆ ಇರಲಿಲ್ಲ. ಒಡೆಯುವ ಮೊದಲು ಒಂದು ಫೋಟೋ ಬೇಕು ಎಂದರು ಜಲಜಕ್ಕ. ಹೇಗೆ ಬೇಕೆಂಬುದನ್ನೂ ಹೇಳಿದರು. "ನಾನೂ ಬರ್ಕ್, ದೋಣಿಯೂ ಬರ್ಕ್."

ಇಬ್ಬರೂ ಬರಬೇಕು ಎಂಬ ನಾಲ್ಕೇ ಶಬ್ದದ ಈ ಆರ್ಡರಿನಲ್ಲಿ ನಾನು ಕೇಳಿಸಿಕೊಂಡದ್ದು ಮೊದಲ ಅರ್ಧವನ್ನು ಮಾತ್ರ. ಅವರ ಮುಖವನ್ನು ನೋಡಿದ ಕೂಡಲೇ ತಮ್ಮ ನೆನಪಾಯಿತು. ಆ ಬಿಸಿಲು ಕಾಯಿಸಿದ ಹಣೆ, ಆ ಮೂಗುಬೊಟ್ಟು, ಕಣ್ಣಿನ ಮೂಲೆಯ ಗೆರೆಗಳು, ಎಲ್ಲ ತಮಗೆಂದೇ ಮಾಡಿಟ್ಟ ಹಾಗಿತ್ತು.

ಭಾನುವಾರ ಬೆಳಗ್ಗೆ ಯತೀಶನ ಓಮ್ನಿಯಲ್ಲಿ ಹಂಗಾರಕಟ್ಟೆಗೆ ಹೋದೆವು. ಸುಪ್ರೀತಾಳೂ ಬಂದಳು, ಹಳೆಯ ಕ್ಯಾಮೆರಾಕ್ಕೆ ಕಿಟ್ ಲೆನ್ಸ್ ಹಾಕಿ ಅವಳ ಕೈಗೆ ಕೊಟ್ಟು, ನಾನು ತಮ್ಮನ್ನು ಹಿಡಿದು ಕೆಲಸ ಮಾಡುವ ಭಂಗಿಯನ್ನು ಸ್ಟುಡಿಯೋದ ಸ್ಟೇಟಸ್ಸಿಗೆ ತೆಗೆ ಎಂದಿದ್ದೆ. ದೋಣಿ ಕೆಸರಿನಲ್ಲಿ ಒಂದು ಪಕ್ಕಕ್ಕೆ ವಾಲಿ ನಿಂತಿತ್ತು. ನೀಲಿ ಬಣ್ಣ ಚಕ್ಕೆಯೆದ್ದ ಮುಂಭಾಗದಲ್ಲಿ ಬಿಳಿಯಲ್ಲಿ ಮೂರು ಅಕ್ಷರ ಬರೆದಿತ್ತು: ಜಲಜ. ಅದನ್ನು ನಾನು ಓದಿದೆ. ಓದಿಯೂ, ನಮ್ಮಲ್ಲಿ ದೋಣಿಗೆ ದೇವರ ಹೆಸರೋ ಮಕ್ಕಳ ಹೆಸರೋ ಇಡುವುದು ಹೆಚ್ಚು, ಇವರು ಹೆಂಡತಿಯದ್ದು ಇಟ್ಟಿದ್ದಾರೆ ಎಂದಷ್ಟೇ ಅಂದುಕೊಂಡೆ.

ಹಿನ್ನೆಲೆ ಕರಗಬೇಕಾದರೆ ಮನುಷ್ಯರು ಅದರಿಂದ ದೂರ ಇರಬೇಕೆಂಬುದು ಪಂಡಿತರ ಏಳನೇ ಕಂತು. ಆದ್ದರಿಂದ ಜಲಜಕ್ಕನನ್ನು ದೋಣಿಯಿಂದ ಹದಿನೈದು ಹೆಜ್ಜೆ ಮುಂದಕ್ಕೆ ಕರೆದೆ. ಅವರು ಬಂದರು. ನಾನು ತಮ್ಮ ದೂರಕ್ಕೆ ತಕ್ಕಂತೆ ಹಿಂದೆ ಹೋಗಿ, ಕೆಸರಿನಲ್ಲಿ ಚಪ್ಪಲಿ ಬಿಟ್ಟು, ತಲೆಯೆತ್ತಿ ನೋಡುವಷ್ಟರಲ್ಲಿ ಅವರು ಮತ್ತೆ ದೋಣಿಯ ಬಳಿ ಹೋಗಿ ನಿಂತಿದ್ದರು. ಮುಂದೆ ಬನ್ನಿ ಎಂದು ಕೈ ಬೀಸಿದೆ. ಬಂದರು, ಮತ್ತೆ ಹೋದರು. ಹೀಗೆ ಮೂರು ಸಲ. ಮೂರನೇ ಸಲ ನನಗೆ ಸಿಟ್ಟೇ ಬಂತು. ಅದೇ ಹೊತ್ತಿಗೆ ಸುಪ್ರೀತಾ ತೆಗೆದ ಒಂದು ಚಿತ್ರ ತೋರಿಸಿದಳು, ಅದರಲ್ಲಿ ನಾನು ಮಸುಕಾಗಿದ್ದೆ, ಫೋಕಸ್ ನನ್ನನ್ನು ಬಿಟ್ಟು ಹಿಂದಿನ ದೋಣಿಗೆ ಹೋಗಿತ್ತು. ಹದಿಮೂರು ವರ್ಷ ಫೋಟೋಗ್ರಾಫರನ ಹೆಂಡತಿಯಾಗಿಯೂ ಫೋಕಸ್ ಎಲ್ಲಿಗೆ ಮಾಡಬೇಕೆಂದು ತಿಳಿಯದೇ ಎಂದು ಎಲ್ಲರ ಎದುರು ಬೈದೆ. ಅವಳು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಓಮ್ನಿಯಲ್ಲಿ ಹೋಗಿ ಕೂತಳು.

ಆಮೇಲೆ ಜಲಜಕ್ಕ ನಾನು ಹೇಳಿದಲ್ಲೇ ನಿಂತರು; ನಾವಿಬ್ಬರೇ, ತಾವು ಮತ್ತು ನಾನು, ನಲವತ್ತು ಚಿತ್ರ ತೆಗೆದೆವು. ಅವುಗಳಲ್ಲಿ ಅತಿ ಉತ್ತಮವಾದುದನ್ನು ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ಜಲಜಕ್ಕನಿಗೆ ತೋರಿಸಿ, ಅಡ್ಡಿಲ್ಯಾ ಎಂದು ಕೇಳಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, ಅಡ್ಡಿಲ್ಲೆ ಎಂದರು.

ತಾವು ಪರದೇಶದಿಂದ ಬಂದವರಾದ್ದರಿಂದ ಈ ಮಾತನ್ನು ತಮಗೆ ಬಿಡಿಸಿ ಹೇಳಬೇಕು. ನಮ್ಮ ಕಡೆ, ಹೊಸ ಮನೆ ಹೇಗಿದೆ ಎಂದರೆ ಅಡ್ಡಿಲ್ಲೆ, ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದರೆ ಅಡ್ಡಿಲ್ಲೆ, ಗಂಡು ಒಪ್ಪಿಗೆಯೇ ಎಂದರೆ ಅಡ್ಡಿಲ್ಲೆ, ಬಸ್ಸಿನಲ್ಲಿ ಕಾಲು ತುಳಿದವನು ಹಲ್ಲು ಕಿರಿದರೆ ಅವನಿಗೂ ಅಡ್ಡಿಲ್ಲೆ. ಬಹಳ ಚೆನ್ನಾಗಿದೆ ಎನ್ನುವುದಕ್ಕೂ, ಹೋಗಲಿ ಬಿಡು ಎನ್ನುವುದಕ್ಕೂ ಇದೊಂದೇ ಮಾತು. ಯಾವುದು ಯಾವುದೆಂದು ಹೇಳಿದವರ ಮುಖ ನೋಡಿ ತಿಳಿಯಬೇಕು. ಹುಟ್ಟಿದಂದಿನಿಂದ ಈ ಮಾತು ಕೇಳಿದ ನಾನು, ಮುಖ ನೋಡುವುದೇ ಕಸುಬಾದ ನಾನು, ಅಂದು ಜಲಜಕ್ಕನ ಮುಖ ನೋಡಲಿಲ್ಲ. ಪರದೆಯ ಮೇಲೆ ತಾವು ತೆಗೆದ ಮುಖವನ್ನು ನೋಡುತ್ತಿದ್ದೆ.

ಗುರುವಾರ ಅವರು ಪ್ರಿಂಟ್ ತೆಗೆದುಕೊಳ್ಳಲು ಬಂದರು. ಹನ್ನೆರಡು ಹದಿನೆಂಟರ ದೊಡ್ಡ ಪ್ರಿಂಟು, ಚಿನ್ನದ ಬಣ್ಣದ ಫ್ರೇಮು. ತಮ್ಮ ಕೀರ್ತಿಗೆ ತಕ್ಕ ಕೆಲಸ ಅದು, ಇವತ್ತಿಗೂ ಹೇಳುತ್ತೇನೆ. ರೆಪ್ಪೆ, ಗೆರೆ, ಮೂಗುಬೊಟ್ಟಿನ ಕಲ್ಲಿನೊಳಗಿನ ಬೆಳಕು, ಯಾವುದನ್ನೂ ತಾವು ಬಿಟ್ಟಿರಲಿಲ್ಲ. ಜಲಜಕ್ಕ ಕೈ ಒರೆಸಿಕೊಂಡು ಫ್ರೇಮ್ ಹಿಡಿದು ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಫ್ರೇಮನ್ನು ತಿರುಗಿಸಿ ಅದರ ಹಿಂಭಾಗದ ರಟ್ಟನ್ನೂ ಒಮ್ಮೆ ನೋಡಿ, ಮತ್ತೆ ಈಚೆಗೆ ತಿರುಗಿಸಿ ಕೇಳಿದರು: "ನನ್ ಮುಖ ಕನ್ನಡ್ಯಾಗೂ ಕಾಂತ್, ಪ್ರೇಮ. ದೋಣಿ ಎಲ್ಲ್?"

ಹಿಂದಿನ ನೀಲಿಯನ್ನು ತೋರಿಸಿ ಅದೇ ದೋಣಿ ಎಂದೆ. ಹೆಸರು ಎಲ್ಲಿ ಎಂದರು. ನೀಲಿಯೊಳಗೆ ಎಲ್ಲೋ ಹಾಲು ಚೆಲ್ಲಿದ ಹಾಗಿದ್ದ ಬಿಳಿಯನ್ನು ತೋರಿಸಿದೆ. ಅವರು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದರು. ಸೂರ ಅವರನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಅವರ ಕಾಲದಲ್ಲಿ ಹಾಗೆ ಕರೆಯುವುದಕ್ಕೆ ಗಂಡಸರಿಗೂ ನಾಚಿಕೆ. ಸಮುದ್ರದಿಂದ ಬಂದು ದಡದಿಂದ ಕೂಗುವಾಗಲೂ ಹ್ವಾಯ್, ಮನೆಯೊಳಗೆ ಗಂಜಿಗೆ ಕೂತಾಗಲೂ ಹ್ವಾಯ್, ಕೊನೆಗೆ ಆಸ್ಪತ್ರೆಯ ಮಂಚದಿಂದಲೂ ಹ್ವಾಯ್. ದೋಣಿ ಕಟ್ಟಿದಾಗ ಮಾತ್ರ, ಪೇಂಟರನಿಗೆ ಬಿಡದೆ ಸೂರನೇ ಕುಂಚ ಹಿಡಿದು ಮುಂಭಾಗದಲ್ಲಿ ಆ ಮೂರು ಅಕ್ಷರ ಬರೆದರು; ಪ್ರತಿ ವರ್ಷ ಮಳೆಗಾಲ ಮುಗಿದು ದೋಣಿ ಇಳಿಸುವಾಗ ಸ್ವತಃ ಅದರ ಮೇಲೆ ಮತ್ತೆ ಬಣ್ಣ ಎಳೆಯುತ್ತಿದ್ದರು. ಜಲಜಕ್ಕ ಶಾಲೆಗೆ ಹೋದವರಲ್ಲ. ಅವರಿಗೆ ಬರುವುದು ಎರಡೇ ಅಕ್ಷರ, ಜ ಮತ್ತು ಲ. ಎರಡನ್ನೂ ಕಲಿತದ್ದು ಆ ಹಲಗೆಯ ಮೇಲೆ. "ಬಾಯಾಗೆ ಹೇಳುಕ್ ಆಗ್ದೇ ಇದ್ದದ್ದನ್ನ ಅಲ್ಲ್ ಬರ್ದಿದ್ರ್" ಎಂದರು.

ಮಾನ್ಯರೇ, ನನಗೆ ನಾಚಿಕೆಯಾಯಿತು. ಇದನ್ನು ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಆ ಹೆಂಗಸು ಮೂರು ಸಲ ದೋಣಿಯ ಬಳಿ ಹೋಗಿ ನಿಂತಿದ್ದರು, ಮೂರು ಸಲವೂ ನಾನೇ ಕೈ ಬೀಸಿ ಅಲ್ಲಿಂದ ಈಚೆಗೆ ಕರೆದಿದ್ದೆ.

ಬೈಕು ಹತ್ತಿ ಹಂಗಾರಕಟ್ಟೆಗೆ ಓಡಿದೆ.

ಹೇಳಿದಂತೆ ಮಂಗಳವಾರವೇ ದೋಣಿ ಒಡೆದಾಗಿತ್ತು. ಹಲಗೆಗಳು ಸೌದೆಯಾಗಿ ಬುಧವಾರ ಲಾರಿ ಹತ್ತಿದ್ದವು. ದೋಣಿ ನಿಂತಿದ್ದ ಜಾಗದಲ್ಲಿ ಕೆಸರಿನ ಗುಂಡಿಯೂ, ಅದರಿಂದ ದೂರದಲ್ಲಿ ಭಾನುವಾರ ನಾನು ಬಿಟ್ಟುಬಂದ ಚಪ್ಪಲಿಯೂ ಇದ್ದವು. ಮನೆಗೆ ಬಂದು ದಿಕ್ಕು ತೋಚದೆ ಲೆನ್ಸ್ ಪಂಡಿತರಿಗೇ ಮೊರೆಯಿಟ್ಟೆ. ಗಾಬರಿಯಲ್ಲಿ ಪುಸ್ತಕದ ಕನ್ನಡ ಮರೆತು, ಸರ್, ಹಿಂದಿನ ದೋಣಿ ಎಂತದೂ ಕಾಂತಿಲ್ಲೆ, ಎಂತ ಮಾಡೂದ್ ಎಂದು ಬರೆದೆ. ನಮ್ಮಲ್ಲಿ ಕಾಂತಿಲ್ಲೆ ಎಂದರೆ ಕಾಣುವುದಿಲ್ಲ ಎಂದರ್ಥ. ಪಂಡಿತರು ಹತ್ತೇ ನಿಮಿಷದಲ್ಲಿ ಉತ್ತರಿಸಿದರು: ಕಾಂತಿ ಇಲ್ಲದಿದ್ದರೆ ಚಿಂತೆ ಬೇಡ, ಎಡಿಟ್ ಮಾಡುವಾಗ ಬಣ್ಣವನ್ನು ಸ್ವಲ್ಪ ಏರಿಸಿ, ಹೊಳಪು ತಾನಾಗಿ ಬರುತ್ತದೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ, ಏರಿಸಿ ನೋಡಿದೆ. ನೀಲಿ ಬೆಣ್ಣೆ ಕಡುನೀಲಿ ಬೆಣ್ಣೆಯಾಯಿತು.

ಆಗ ಸುಪ್ರೀತಾ, ಭಾನುವಾರದಿಂದ ನನ್ನೊಡನೆ ಲೆಕ್ಕವಿಟ್ಟು ನಾಲ್ಕೇ ಮಾತಾಡಿದ್ದವಳು, ಹಳೆಯ ಕ್ಯಾಮೆರಾ ತಂದು ನನ್ನೆದುರು ಇಟ್ಟಳು. ಅವಳು ಅಂದು ತೆಗೆದಿದ್ದ, ನಾನು ಎಲ್ಲರೆದುರು ಬೈದಿದ್ದ ಆ ಒಂದು ಚಿತ್ರ ಅದರಲ್ಲಿ ಹಾಗೆಯೇ ಇತ್ತು. ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದೆ. ಬಡಪಾಯಿ ಕಿಟ್ ಲೆನ್ಸ್ ಎಲ್ಲವನ್ನೂ ಕಂಡಿತ್ತು: ವಾಲಿದ ದೋಣಿ, ಚಕ್ಕೆಯೆದ್ದ ನೀಲಿ, ಹಲಗೆಯ ಮೊಳೆಗಳು, ದೋಣಿಯ ಮೇಲೆ ಕೂತ ಕಾಗೆ. ಜಲಜಕ್ಕ ದೋಣಿಗೆ ಒರಗಿ, ನಮ್ಮ ಕಡೆ ನೋಡದೆ, ಮೊದಲ ಜ ಅಕ್ಷರದ ಅಂಚಿಗೆ ಅಂಗೈ ಇಟ್ಟು ನಿಂತಿದ್ದರು. ಆದರೆ ಈಚೆಗೆ, ಚಿತ್ರದ ಎದುರು ಭಾಗದಲ್ಲಿ, ಮಸುಕಾದ ಒಬ್ಬ ಮನುಷ್ಯ ತಮ್ಮನ್ನು ಎದೆಗೆ ಹಿಡಿದು, ಇನ್ನೊಂದು ಕೈ ಎತ್ತಿ ಅವರನ್ನು ದೋಣಿಯಿಂದ ಆಚೆಗೆ ಕರೆಯುತ್ತಿದ್ದ. ಅವನ ತಲೆ ಸರಿಯಾಗಿ ಕೊನೆಯ ಅಕ್ಷರದ ಮೇಲಿತ್ತು. ಹೆಸರು ಜಲ ಎಂಬಲ್ಲಿಗೆ ನಿಂತಿತ್ತು.

ಅಡ್ಡಿ ಯಾರೆಂಬುದು ನನಗೆ ಆಗ ತಿಳಿಯಿತು. ಆದರೂ ಬುದ್ಧಿ ಬರಲಿಲ್ಲ. ಹೆಸರಿನ ಮೊದಲ ಅಕ್ಷರವೂ ಕೊನೆಯದೂ ಒಂದೇ ಅಲ್ಲವೇ ಎಂದುಕೊಂಡು, ಇನ್ನೊಂದು ಇಡೀ ದಿನ ಕೂತು, ನನ್ನನ್ನು ಚಿತ್ರದಿಂದ ಅಳಿಸಿ, ಮೊದಲ ಜ ಅಕ್ಷರವನ್ನು ನಕಲು ಮಾಡಿ ಕೊನೆಯಲ್ಲಿ ಕೂರಿಸಿದೆ. ಯಾವ ತಜ್ಞನೂ ಕಂಡುಹಿಡಿಯಲಾಗದ ಕೆಲಸ. ಜಲಜಕ್ಕ ಬಂಗುಡೆಯ ಕಣ್ಣು ನೋಡುವಷ್ಟೇ ಹೊತ್ತು ನೋಡಿ, "ಇದ್ ಅವ್ರ್ ಬರ್ದದ್ದ್ ಅಲ್ಲ" ಎಂದರು. ಸೂರ ಮೊದಲೆರಡು ಅಕ್ಷರಗಳನ್ನು ದೊಡ್ಡದಾಗಿ ಬರೆದುಬಿಟ್ಟು, ಮೂರನೆಯದಕ್ಕೆ ಹಲಗೆಯಲ್ಲಿ ಜಾಗ ಸಾಲದೆ, ಅದನ್ನು ಸಣ್ಣದು ಮಾಡಿ ಮೂಲೆಗೆ ಒತ್ತಿದ್ದರಂತೆ. ಇಪ್ಪತ್ತಾರು ವರ್ಷವೂ ಅದು ಹಾಗೆಯೇ ಕುಗ್ಗಿಕೊಂಡು ಕೂತಿತ್ತಂತೆ. ಎರಡೇ ಅಕ್ಷರ ಬಲ್ಲವರಿಗೆ ಸುಳ್ಳು ಅಕ್ಷರ ತೋರಿಸಬಾರದೆಂದು ಅಂದು ಕಲಿತೆ. ಅಳಿಸುವ ಮೊದಲಿನ ಚಿತ್ರವನ್ನೂ, ನನ್ನ ಮಸುಕು ತಲೆಯ ಸಮೇತ, ಅವರ ಮುಂದಿಟ್ಟು ತಪ್ಪಾಯಿತು ಎಂದೆ. ಅವರು ಅದನ್ನು ತೆಗೆದುಕೊಂಡರು. "ನೀನ್ ಅಡ್ಡ ನಿಂತ್ರೂ ಅಡ್ಡಿಲ್ಲೆ. ಇದ್ರಗೆ ಇಪ್ಪುದೆಲ್ಲ ಖರೆ." ಈ ಸಲ ನಾನು ಅವರ ಮುಖ ನೋಡಿದೆ; ಹೋಗಲಿ ಬಿಡು ಎನ್ನುವ ಅಡ್ಡಿಲ್ಲೆ ಅದಲ್ಲ.

ಇಷ್ಟೆಲ್ಲ ಆದ ಮೇಲೆ ತಮ್ಮಲ್ಲಿ ನನ್ನ ಕೋರಿಕೆಗಳು ಅಲ್ಪ. ತಾವು ಇನ್ನು ಮುಂದೆ ಏನನ್ನಾದರೂ ಬೆಣ್ಣೆ ಮಾಡುವ ಮೊದಲು, ಅದು ಯಾರ ಮನೆಯ ಬೆಣ್ಣೆ ಎಂದು ವಿಚಾರಿಸಬೇಕು. ಪಂಚೆ, ಮೀಟರು, ಹಲ್ಲಿಗಳನ್ನು ಎಂದಿನಂತೆ ಕರಗಿಸಿ, ಹೆಸರು ಬರೆದ ಹಲಗೆಗಳನ್ನು ಬಿಡಬೇಕು. ಸಮುದ್ರವನ್ನು ವಾರಕ್ಕೊಮ್ಮೆಯಾದರೂ ಸಮುದ್ರವಾಗಿ ತೋರಿಸಬೇಕು, ಏಕೆಂದರೆ ಚಂದನಾಳ ತಂದೆ ಈಗಲೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ. ಸಾಧ್ಯವಾದರೆ ಹಂಗಾರಕಟ್ಟೆಯಿಂದ ಹೋದ ಆ ಲಾರಿಯನ್ನು ಹಿಂದಕ್ಕೆ ಕರೆಸಬೇಕು. ಇದ್ಯಾವುದೂ ತಮ್ಮ ಅಧಿಕಾರ ವ್ಯಾಪ್ತಿಗೆ ಬರದಿದ್ದರೆ, ಕಣ್ಣನ್ನು ಅಗಲಿಸಿದಷ್ಟೂ ಕಡಿಮೆ ಕಾಣುವುದು ಹೇಗೆ ಎಂಬುದನ್ನಾದರೂ ತಿಳಿಸಿಕೊಡಬೇಕು. ನಮ್ಮ ಊರಿನ ಕೆಲವು ಮುಖಂಡರಿಗೆ ಈ ವಿದ್ಯೆ ಹುಟ್ಟಿನಿಂದ ಬಂದಿದೆ, ನಾನು ತಮ್ಮಿಂದಲೇ ಕಲಿತೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಮ್ಮ ಕಣ್ಣನ್ನು ಕಿರಿದು ಮಾಡುವ ಚಕ್ರ ಅಂದು ನನ್ನ ಬೆರಳ ಕೆಳಗೇ ಇತ್ತು. ಅದನ್ನು ನಾಲ್ಕು ಸಲ ತಿರುಗಿಸಿ, ಜಲಜಕ್ಕನನ್ನು ಅವರು ನಿಂತಲ್ಲೇ ಬಿಟ್ಟಿದ್ದರೆ ಸಾಕಿತ್ತು; ತಾವೂ ದೋಣಿಯನ್ನು ಕಾಣುತ್ತಿದ್ದಿರಿ, ಹೆಸರನ್ನೂ ಕಾಣುತ್ತಿದ್ದಿರಿ, ಈ ಪತ್ರ ಬರೆಯುವ ಪ್ರಸಂಗವೂ ಬರುತ್ತಿರಲಿಲ್ಲ. ಇದನ್ನು ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ. ಆದರೂ ದೂರು ತಮ್ಮ ಹೆಸರಿಗೇ ಇರಲಿ. ನನಗೆ ಇದೇ ಊರಿನಲ್ಲಿ ಇನ್ನೂ ಸ್ಟುಡಿಯೋ ನಡೆಸಬೇಕಾಗಿದೆ, ತಮಗೆ ಹಪ್ಪಳದ ಡಬ್ಬಿಯಲ್ಲಿ ಯಾರ ಹಂಗೂ ಇಲ್ಲ.

ಇಂತು, ತಾವು ಹೇಳಿದಷ್ಟು ಹಿಂದೆ ಹೋಗಿ ನಿಂತು, ಚಪ್ಪಲಿ ಕಳೆದುಕೊಂಡೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಪ್ರೇಮಾನಂದ
ಹೆಮ್ಮಾಡಿ

ತಾ.ಕ.: ಮೊನ್ನೆ ಜಲಜಕ್ಕನ ಮನೆಗೆ ಹೋಗಿದ್ದೆ. ತಾವು ತೆಗೆದ ಮುಖ ಚಿನ್ನದ ಬಣ್ಣದ ಫ್ರೇಮಿನ ಸಮೇತ ಬಟ್ಟೆ ಕಪಾಟಿನ ಹಿಂದೆ ಇದೆ. ಕಿಟ್ ಲೆನ್ಸಿನ ಚಿತ್ರ ಬಾಗಿಲಿಗೆ ಎದುರಿನ ಗೋಡೆಯಲ್ಲಿದೆ. ಯತೀಶನ ಹೆಂಡತಿಯ ಕಡೆಯ ನೆಂಟರು ಬಂದಿದ್ದರು, ನಾನು ಅವರ ನಡುವೆಯೇ ಚಾ ಕುಡಿಯುತ್ತಿದ್ದೆ. ಒಬ್ಬಾಕೆ ಚಿತ್ರ ನೋಡಿ, ಆ ಮನುಷ್ಯನ ಕೈಯಲ್ಲಿರುವ ಕಪ್ಪು ವಸ್ತು ಎಂತದು ಎಂದು ಕೇಳಿದರು. ಅದು ತಾವು. ಗೊತ್ತಿಲ್ಲೆ, ಲೋಟ ಇರಬೇಕು ಎಂದರು ಜಲಜಕ್ಕ. ಹಾಗಾದರೆ ಮಸುಕು ಮಸುಕಾಗಿ ಅಡ್ಡ ನಿಂತಿರುವವನು ಯಾರು ಎಂದು ಆಕೆ ಮತ್ತೆ ಕೇಳಿದರು. ಜಲಜಕ್ಕ ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು: "ಅದಾ? ಅದ್ ನನ್ ಹೆಸ್ರಿನ್ ಕಡೀ ಅಕ್ಷರ."